ಎರಡು ದಿನದ ಮುಂದಿನ ಸೀಟು

ಮೊಬೈಲು ಇನ್ನೂ ದಾರಿ ಹೇಳಲು ಕಲಿತಿರದ ಕಾಲ ಅದು. ಗೊತ್ತಿಲ್ಲದ ಊರಿಗೆ ಹೋಗುವವರು ಗಾಡಿ ನಿಲ್ಲಿಸಿ ಎದುರಿಗೆ ಸಿಕ್ಕವರನ್ನು ಕೇಳುತ್ತಿದ್ದರು. ಸಿಕ್ಕವರೂ ಅಷ್ಟೇ, ಯಾರ ಮನೆ, ಎಂತ ಕೆಲಸ ಎಂದೆಲ್ಲ ವಿಚಾರಿಸಿಕೊಂಡೇ ದಾರಿ ತೋರಿಸುತ್ತಿದ್ದರು.

ನನಗಾಗ ಹನ್ನೆರಡು. ಅಮ್ಮ ತೀರಿಕೊಂಡ ಮೇಲೆ ಹೊಸನಗರದ ದೊಡ್ಡಮ್ಮನ ಮನೆಯಲ್ಲಿದ್ದೆ. ಅಪ್ಪಯ್ಯ ಸಾಗರದಲ್ಲಿದ್ದ, ಸಿಗಂದೂರಿಗೆ ಹೋಗುವ ಭಕ್ತರನ್ನು ಹಿನ್ನೀರು ದಾಟಿಸುವ ಲಾಂಚಿನ ತನಕ ಜೀಪಿನಲ್ಲಿ ಬಿಡುವುದು ಅವನ ಕೆಲಸ. ತಿಂಗಳಿಗೊಂದು ಭಾನುವಾರ ಬಂದು ಚಾ ಕುಡಿದು ಹೋಗುತ್ತಿದ್ದ. ದೊಡ್ಡಮ್ಮ ಒಳ್ಳೆಯವಳೇ. ಆದರೂ ಆ ಮನೆಯಲ್ಲಿ ನಾನು ನೆಂಟರ ಹುಡುಗಿ. ಅಂಗಳದಲ್ಲಿ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದೆ. ಎದುರಾಳಿಯ ಪಾಲಿನ ಆಟವನ್ನೂ ನಾನೇ ಆಡಿ, ಅವಳಿಗೆ ಮೋಸವನ್ನೂ ಮಾಡುತ್ತಿದ್ದೆ.

ಆ ವರ್ಷದ ದಸರಾ ರಜೆಯಲ್ಲಿ ನಾಲ್ಕೈದು ದೇಶದವರು ಸೇರಿ ನಮ್ಮ ಕಡೆ ಸ್ನೇಹದ ಕಾರ್ ರ‍್ಯಾಲಿ ಇಟ್ಟರು. ಸಾಗರದಿಂದ ಹೊರಟು ಹೊಸನಗರದಲ್ಲಿ ಉಳಿದು, ಮರುದಿನ ತೀರ್ಥಹಳ್ಳಿ ಮುಟ್ಟುವುದು. ಜೋರಾಗಿ ಓಡಿಸುವ ಪಂದ್ಯವಲ್ಲ. ಕೊಟ್ಟ ವೇಗದಲ್ಲೇ ಹೋಗಿ, ಹೇಳಿದ ನಿಮಿಷಕ್ಕೆ ಸರಿಯಾಗಿ ತಲುಪಬೇಕು. ಊರಿನದ್ದೂ ಒಂದು ತಂಡ ಇರಲಿ ಎಂದು ಅಪ್ಪಯ್ಯನನ್ನೂ ಅವನ ಗೆಳೆಯ, ಗ್ಯಾರೇಜಿನ ಸಲೀಮಣ್ಣನನ್ನೂ ಸೇರಿಸಿಕೊಂಡಿದ್ದರು. ಯಾವ ತಿರುವಿನ ತನಕ ಯಾವ ವೇಗ ಎಂಬುದನ್ನೆಲ್ಲ ಬರೆದಿದ್ದ ದಾರಿಪುಸ್ತಕ ಮಾತ್ರ ಇಂಗ್ಲಿಷಿನಲ್ಲಿತ್ತು. ಇಬ್ಬರಿಗೂ ಇಂಗ್ಲಿಷಿನ ಗಂಧವಿಲ್ಲ.

"ನಿನ್ನ ಮಗಳು ಇಂಗ್ಲಿಷ್ ಶಾಲೆಗೆ ಹೋಗ್ತಾಳಲ್ಲ ಮಾರಾಯ, ಅವಳನ್ನೇ ಕೂರ್ಸನ" ಎಂದವನು ಸಲೀಮಣ್ಣ.

ಚೆನ್ನಾಗಿ ದಾರಿ ಹೇಳಿದರೆ ನಾನು ಉಪಯೋಗಕ್ಕೆ ಬರುವವಳು ಎಂದು ಅಪ್ಪಯ್ಯನಿಗೆ ಗೊತ್ತಾಗುತ್ತದೆ, ಸಾಗರಕ್ಕೆ ಕರೆದುಕೊಂಡು ಹೋಗಿ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ. ಇದು ನನ್ನ ಯೋಚನೆ. ಯಾರಿಗೂ ಹೇಳಿರಲಿಲ್ಲ.

ಜೀಪಿನೊಳಗೆ ಡೀಸೆಲಿನ ಜೊತೆ ಬಾಡಿದ ಸೇವಂತಿಗೆಯ ವಾಸನೆ. ಹಿಂದಿನ ಸೀಟಿನಲ್ಲಿ ಗಡಿಯಾರ ಹಿಡಿದ ಸಲೀಮಣ್ಣ; ಅವನ ಕಾಲ ಬುಡದಲ್ಲಿ ದೊಡ್ಡಮ್ಮ ಕೊಟ್ಟ ಕಡುಬಿನ ಡಬ್ಬಿ. ಮುಂದೆ, ಅಪ್ಪಯ್ಯನ ಪಕ್ಕದಲ್ಲಿ ನಾನು.

"ನಾಕ್ನೂರು ಮೀಟರಿಗೆ ಬಲಕ್ಕೆ."

"ಬಲಕ್ಕೆ" ಎಂದು ಅಪ್ಪಯ್ಯ ನನ್ನ ಮಾತನ್ನೇ ಮತ್ತೊಮ್ಮೆ ಹೇಳಿ ತಿರುಗಿಸುತ್ತಿದ್ದ. ಅವನು ನನ್ನ ಮಾತನ್ನು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಮೊದಲ ದಿನ ಮುಗಿದಾಗ ನಾವು ಎರಡನೆಯ ಸ್ಥಾನದಲ್ಲಿದ್ದೆವು. ಖುಷಿಗೆ ನನಗೆ ಊಟವೇ ಸೇರಲಿಲ್ಲ.

ಮರುದಿನ ಹುಂಚ ದಾಟಿದ ಮೇಲೆ ಅಜ್ಜಿಯೊಬ್ಬಳು ಬುಟ್ಟಿ ಇಟ್ಟುಕೊಂಡು ರಸ್ತೆ ಬದಿ ನಿಂತಿದ್ದಳು. ಬಸ್ಸು ತಪ್ಪಿರಬೇಕು, ಕೈ ಎತ್ತಿದಳು.

"ಅಪ್ಪಯ್ಯ, ನಿಲ್ಸಬೇಡ! ತಂಡದವ್ರು ಬಿಟ್ಟು ಬೇರೆ ಯಾರೂ ಹತ್ತಬಾರ್ದು ಅಂತ ಬರ್ದಿದೆ."

"ಕೈ ಎತ್ತಿದಾರಲ್ಲ ಮಗಾ" ಎನ್ನುವಷ್ಟರಲ್ಲಿ ಅವನ ಕಾಲು ಬ್ರೇಕ್ ಒತ್ತಿಯಾಗಿತ್ತು. ನಮ್ಮ ಕಡೆ ಜೀಪಿನವರು ಎತ್ತಿದ ಕೈ ದಾಟಿ ಹೋಗುವುದಿಲ್ಲ. ನಿಯಮ ಬರೆದವರಿಗೆ ಇದು ಗೊತ್ತಿರಲಿಲ್ಲ.

ಅಜ್ಜಿ ಸೌತೆಕಾಯಿ ಬುಟ್ಟಿಯ ಸಮೇತ ಹತ್ತಿದಳು. "ಇದೆಂತ, ಜೀಪಿಗೆ ನಂಬರ್ ಅಂಟಿಸ್ಕಂಡೀರಿ?"

"ಪಂದ್ಯ ಅಜ್ಜಿ" ಎಂದ ಸಲೀಮಣ್ಣ.

"ಹಂಗಾದ್ರೆ ಸ್ವಲ್ಪ ಜೋರು ಬಿಡಿ ಮಾರಾಯ್ರೆ!"

ತೀರ್ಥಹಳ್ಳಿಯಲ್ಲಿ ಪಂದ್ಯದವರ ಕಣ್ಣೆದುರೇ ಇಳಿದು, ಅವರಿಗೂ ಎರಡು ಸೌತೆಕಾಯಿ ಕೊಟ್ಟು ಹೋದಳು. ಅವರು ನಗುನಗುತ್ತಲೇ ನಮ್ಮನ್ನು ಪಟ್ಟಿಯಿಂದ ತೆಗೆದರು. ಸಲೀಮಣ್ಣನೂ ನಕ್ಕ. ನಾನು ಮಾತ್ರ ಜೀಪಿನ ಹಿಂದೆ ನಿಂತು ಅತ್ತೆ.

ಸಮಾಧಾನ ಮಾಡಲು ಬಂದವಳು ಶ್ರೀಲಂಕಾ ತಂಡದ ಹೆಂಗಸು. ಎಷ್ಟು ಜಾಣ ಮಗಳು ಎಂದು ನನ್ನ ತಲೆ ಸವರಿ, ಅಪ್ಪಯ್ಯನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಅವನು ನನ್ನ ಮುಖ ನೋಡಿದ. ಆ ಮಾತನ್ನು ಕನ್ನಡಕ್ಕೆ ತರಬೇಕಾದವಳು ನಾನೇ.

"ಮಗಳು ನಿಮ್ಮ ಜೊತೆನೇ ಇರೋದಾ ಅಂತ ಕೇಳ್ತಿದಾರೆ."

ಅಪ್ಪಯ್ಯ ನೆಲ ನೋಡಿದ. "ಹೌದು ಅನ್ನು. ನನ್ನ ಜೊತೆನೇ ಇರದು."

"ಯೆಸ್" ಎಂದೆ ನಾನು. ಸೋತದ್ದೆಲ್ಲ ಮರೆತುಹೋಯಿತು.

ಸಂಜೆ ದೊಡ್ಡಮ್ಮನ ಮನೆಗೆ ಬಿಟ್ಟುಹೋದ. ಮುಂದಿನ ಸಲ ಬಂದಾಗ ಕರೆದೊಯ್ಯುತ್ತಾನೆ ಎಂದುಕೊಂಡೆ. ಬಟ್ಟೆ, ಪುಸ್ತಕಗಳನ್ನು ಚೀಲಕ್ಕೆ ತುಂಬಿದೆ. ಶಾಲೆಯಲ್ಲಿ ಗೆಳತಿಯರಿಗೂ ಹೇಳಿಬಿಟ್ಟೆ. ಮೂರು ವಾರದ ಮೇಲೆ ಬಂದ. ಚಾ ಕುಡಿದು ಎದ್ದ. ನಾನು ಚೀಲ ಹಿಡಿದು ಬಾಗಿಲಿಗೆ ಬಂದೆ.

"ಇದೆಂತ?"

"ನಿನ್ನ ಜೊತೆನೇ ಇರದು ಅಂದಿದ್ಯಲ್ಲ, ತೀರ್ಥಹಳ್ಳೀಲಿ?"

ಅಪ್ಪಯ್ಯ ಕಿಸೆಯಿಂದ ಜೀಪಿನ ಕೀಲಿ ತೆಗೆದ. "ಅದು ಅವರಿಗೆ ಹೇಳಿದ್ದು ಮಗಾ" ಎಂದು ಜೀಪು ಹತ್ತಿದ. ದೊಡ್ಡಮ್ಮ ಚೀಲ ಬಿಚ್ಚಿ ಬಟ್ಟೆಗಳನ್ನು ಗೂಡಿನಲ್ಲಿಟ್ಟಳು.

ಈಗ ಸಿಗಂದೂರಿಗೆ ಸೇತುವೆಯಾಗಿದೆ. ಸಲೀಮಣ್ಣ ಇಲ್ಲ. ಸಾಗರದಲ್ಲಿ ನನ್ನದೇ ಮನೆ. ಮಂಡಿನೋವಿನ ಅಪ್ಪಯ್ಯ ಆರು ವರ್ಷದಿಂದ ನನ್ನ ಜೊತೆಗಿದ್ದಾನೆ, ಬೇಡವೆಂದರೂ ಮಾತಾಡುತ್ತಾನೆ. ಮೊನ್ನೆ ತಾನಾಗಿಯೇ ಹೇಳಿದ: "ಆಗ ಗ್ಯಾರೇಜಿನ ಹಿಂದೆ ಒಂದೇ ಕೋಣೇಲಿ ನಾಕು ಜನ ಡ್ರೈವರು ಇದ್ವಿ. ಅಲ್ಲಿಗೆ ಹೆಣ್ಣುಮಗೂನ ಹೆಂಗೆ ಕರ್ಕಂಬರದು?"

ಇಷ್ಟೇ ವಿಷಯ. ಅವತ್ತು ಬಾಗಿಲಲ್ಲಿ ಹೇಳಿದ್ದರೆ ಸಾಕಿತ್ತು. ನನಗೀಗ ಸಿಟ್ಟಿಲ್ಲ, ಎಲ್ಲ ಅರ್ಥವಾಗುತ್ತದೆ. ಆದರೆ ಅದನ್ನು ಕೇಳಬೇಕಾಗಿದ್ದವಳು ಹನ್ನೆರಡು ವರ್ಷದ ಆ ಹುಡುಗಿ. ಅವಳಿಗೆ ಹೇಳೋಣವೆಂದರೆ ಅವಳೇ ಇಲ್ಲ.