ಜೆಸಿಂತಕ್ಕನ ಹೊಸ ಬ್ಯಾಡ್ಜ್

ಒಂದು ಸಹಿ ಸಿಕ್ಕಿದ್ದಕ್ಕೆ ಇಷ್ಟು ಮೈ ಉರಿದದ್ದು ಇವತ್ತೇ ಮೊದಲು, ಸ್ನೇಹಿತರೇ.

ಜರ್ಮನಿಯ ಹೈಡೆಲ್‌ಬರ್ಗ್ ಹತ್ತಿರದ ನಮ್ಮ ಊರಲ್ಲಿ ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ಚಬಾರದು ಅಂತ ರಾಟ್‌ಹೌಸ್, ಅಂದ್ರೆ ಪುರಸಭೆ ಕಟ್ಟಡದ ಎದುರು ಸಹಿ ಸಂಗ್ರಹಿಸ್ತಿದ್ದೇವೆ. ಸಮಿತಿಯ ರೂಲ್ ಏನಂದ್ರೆ, ಸಹಿ ಕೇಳೋರಲ್ಲಿ ಆಸ್ಪತ್ರೆಯ ಸಂಬಳ ತಗೊಳ್ಳೋರು 'ಸಂಬಳದವರು' ಅಂತ ಬ್ಯಾಡ್ಜ್ ಹಾಕಬೇಕು, ನನ್ನಂಥವರು 'ಸ್ವಯಂಸೇವಕರು' ಅಂತ.

ಉಡುಪಿಯ ಜೆಸಿಂತಕ್ಕ ಅದೇ ವಾರ್ಡಿನ ನರ್ಸ್. ಹೋದ ಶನಿವಾರ ಅವರ ಸಂಬಳದ ಬ್ಯಾಡ್ಜ್ ಓದಿದ ಒಬ್ಬ ಜರ್ಮನ್ ಅಜ್ಜ, "ದುಡ್ಡಿಗೆ ಕೇಳೋರಿಗೆ ನಾನು ಸಹಿ ಹಾಕಲ್ಲ" ಅಂತ ಹೊರಟುಹೋಗಿದ್ದ.

ಇವತ್ತು ಮತ್ತೆ ಬಂದ. ಅಕ್ಕನ ಹೊಸ ಬ್ಯಾಡ್ಜ್ ಓದಿ ಮುಖ ಅರಳಿಸಿದ. "ಓಹೋ, ಈಗ ಸ್ವಯಂಸೇವಕಿ! ಇದು ನೋಡಿ ನಿಜವಾದ ಕಾಳಜಿ."

"ನಿನ್ನೆಗೆ ನನ್ನ ಕಾಂಟ್ರಾಕ್ಟ್ ಮುಗೀತು. ಮುಚ್ಚೋ ವಾರ್ಡಿಗೆ ನರ್ಸ್ ಯಾಕೆ ಅಂತ ಮುಂದುವರಿಸಲಿಲ್ಲ" ಅಂದರು ಅಕ್ಕ, ಪೆನ್ನು ಮುಂದೆ ಹಿಡಿದು.

ಅಜ್ಜ ತಲೆ ಎತ್ತದೆ ಸಹಿ ಹಾಕಿ ಹೋದ. ನಾನು ಏನೋ ಹೇಳೋಕೆ ಬಾಯಿ ತೆಗೆದೆ. ಅಕ್ಕ ಕನ್ನಡದಲ್ಲಿ, "ಸುಮ್ಮನಿರಿ ಮಾರಾಯ್ರೆ, ಒಂದು ಸಹಿ ಆಯ್ತಲ್ಲ" ಅಂದರು.

ಆಯ್ತು. ವಾರ್ಡಿನವರೆಲ್ಲ ಹೀಗೇ ಸ್ವಯಂಸೇವಕರಾದರೆ ಊರಿನವರೆಲ್ಲರ ಸಹಿಯೂ ಸಿಗುತ್ತೆ. ಹೆರಿಗೆ ಮಾಡಿಸೋಕೆ ಮಾತ್ರ ಯಾರೂ ಉಳಿದಿರಲ್ಲ.