ಗಳ ಕಟ್ಟಿದ ಓಣಿ

ನಮ್ಮ ಓಣಿಗೆ ನೋಟೀಸು ಬರುವ ಹಿಂದಿನ ದಿನ ನಾನು ಗಳಕ್ಕೆ ಹಣೆ ಬಡಿಸಿಕೊಂಡಿದ್ದೆ. ಇದರಲ್ಲಿ ವಿಶೇಷವೇನೂ ಇಲ್ಲ. ಪ್ರತಿ ಬೇಸಿಗೆಯಲ್ಲೂ ಬಡಿಸಿಕೊಳ್ಳುತ್ತಿದ್ದೆ. ನಮ್ಮ ಕಿಟಕಿಯ ಸರಳಿನಿಂದ ಎದುರುಮನೆಯ ಜೈನಾಬಿ ಆಪಾ ಅವರ ಕಿಟಕಿಯ ಸರಳಿಗೆ ಒಂದು ಬಿದಿರಿನ ಗಳ ಅಡ್ಡ ಕಟ್ಟಿ, ಅದರ ಮೇಲೆ ನನ್ನ ಹೆಂಡತಿ ಸುಶೀಲಾ ಮತ್ತು ಆಪಾ ಶಾವಿಗೆ ಒಣಹಾಕುತ್ತಿದ್ದರು. ಕೂದಲೆಳೆಯಂಥ ಶಾವಿಗೆ ಪರದೆಯ ಹಾಗೆ ಇಳಿಬಿದ್ದಿರುತ್ತಿತ್ತು. ಗೋಡೆಯ ಬದಿಗೆ ಒಬ್ಬರು ದಾಟುವಷ್ಟು ಜಾಗ ಬಿಡುತ್ತಿದ್ದರು. ಅಲ್ಲಿ ಬಗ್ಗಿಯೇ ದಾಟಬೇಕು. ಸೈಕಲ್ಲಿನವರು ಇಳಿಯಬೇಕು. ಓಟು ಕೇಳಲು ಬಂದವರು ಬಗ್ಗಿದ್ದನ್ನು ನಮಸ್ಕಾರವೆಂದು ತಿಳಿದು ನಾವು ತಿರುಗಿ ಕೈಮುಗಿದದ್ದೂ ಉಂಟು.

ನಾನು ಆಗಿನ್ನೂ ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಬರುವಾಗ ಕಣ್ಣಲ್ಲಿ ತಂಬಾಕಿನ ಧೂಳು, ಹೊಟ್ಟೆಯಲ್ಲಿ ಹಸಿವು. ಗಳ ಕಾಣಲಿಲ್ಲ. ಬಡಿದ ಸಪ್ಪಳಕ್ಕೆ ಸುಶೀಲಾ ಕೆಲಸದಿಂದ ತಲೆಯನ್ನೂ ಎತ್ತದೆ ಕೇಳಿದಳು:

"ಗಳಕ್ಕೇನಾರ ಆತೇನ್ರಿ?"

"ಗಳಾ ಗಟ್ಟಿ ಐತಿ ವೈನಿ," ಎಂದರು ಆಪಾ. "ಅಣ್ಣಾರ ತಲಿ ಅದಕ್ಕಿಂತ ಗಟ್ಟಿ."

ಇಬ್ಬರೂ ಮೈಯೆಲ್ಲ ಅಲುಗುವಂತೆ ನಕ್ಕರು. ಆದರೆ ಕೈಯಲ್ಲಿದ್ದ ಶಾವಿಗೆಯ ಒಂದೆಳೆಯೂ ಹರಿಯಲಿಲ್ಲ.

ಶಾವಿಗೆಯದು ಒಬ್ಬರ ಕೆಲಸವಲ್ಲ. ಒಬ್ಬರು ಮಣೆಯ ಮೇಲೆ ಕುಳಿತು ಅಂಗೈಯಿಂದ ಹಿಟ್ಟನ್ನು ಹೊಸೆಯಬೇಕು. ಕೆಳಗೆ ಇಳಿಯುವ ಎಳೆಗಳನ್ನು ಇನ್ನೊಬ್ಬರು ಹಿಡಿಯಬೇಕು. ಹೊಸೆಯುವುದಕ್ಕೆ ಬಲ ಸಾಕು. ಹಿಡಿಯುವುದಕ್ಕೆ ಏನು ಬೇಕೆಂದು ಹೇಳುವುದು ಕಷ್ಟ. ಎಳೆಯಬಾರದು, ಬಿಡಲೂಬಾರದು. ಎಳೆ ಎಷ್ಟು ಬರುತ್ತದೋ ಅಷ್ಟೇ ಕೈ ಹಿಂದೆ ಸರಿಯಬೇಕು. ನಮ್ಮ ಓಣಿಯಲ್ಲಿ ಆಪಾ ಹೊಸೆಯುತ್ತಿದ್ದರು, ಸುಶೀಲಾ ಹಿಡಿಯುತ್ತಿದ್ದಳು. ಅವರ ರಂಜಾನಿನ ಸುರಕುಂಬಾಕ್ಕೂ ನಮ್ಮ ಹಬ್ಬದ ಪಾಯಸಕ್ಕೂ ಒಂದೇ ಹಿಟ್ಟು, ಒಂದೇ ಗಳ, ಒಂದೇ ಬಿಸಿಲು.

ಮರುದಿನ ವಿದ್ಯುತ್ ಕಂಬಕ್ಕೆ ನೋಟೀಸು ಅಂಟಿಸಿದರು. ಊರಿನ ನಕಾಶೆಯಲ್ಲಿ ಜನ ವಾಸಿಸುವ ಜಾಗಕ್ಕೆ ಹಳದಿ, ವ್ಯಾಪಾರದ ಜಾಗಕ್ಕೆ ನೀಲಿ ಬಣ್ಣವಂತೆ. ಹೆದ್ದಾರಿಯ ಕಡೆಯಿಂದ ಬೆಳೆಯುತ್ತ ಬಂದ ಪೇಟೆ ನಮ್ಮ ಓಣಿಯ ಬಾಯಿಗೆ ಬಂದು ನಿಂತಿತ್ತು. ಇನ್ನು ಒಳಗೂ ನೀಲಿ ಬಳಿಯಬೇಕೆಂದು ಯೋಚನೆ ನಡೆದಿದೆ, ತಕರಾರಿದ್ದವರು ತಿಳಿಸಿ ಎಂದು ಬರೆದಿತ್ತು. ನಾನು ಓದಿ ಹೇಳಿದೆ.

"ನೀಲಿ ನನಗ ಸೇರಂಗಿಲ್ಲ," ಎಂದಳು ಸುಶೀಲಾ, ಸೀರೆಯಂಗಡಿಯಲ್ಲಿ ಹೇಳುವ ಹಾಗೆಯೇ.

ಅಂಗಡಿಗಳ ಮೇಲೆ ನನಗೇನೂ ಸಿಟ್ಟಿಲ್ಲ. ಚಹಾಪುಡಿ ಮುಗಿದ ಬೆಳಗ್ಗೆ ಅಂಗಡಿಕಾರನಷ್ಟು ಆಪ್ತ ಬೇರೆ ಯಾರಿದ್ದಾರೆ? ಆದರೆ ಮನೆಯ ಬಾಗಿಲು ಒಳಕ್ಕೆ ತೆರೆಯುತ್ತದೆ, ಅಂಗಡಿಯದು ಮೇಲಕ್ಕೆ ಏರುತ್ತದೆ. ಮೇಲಕ್ಕೇರಿದ ಬಾಗಿಲಿಗೆ ಆತು ನಿಂತು ಎದುರುಮನೆಯವರ ಜೊತೆ ಮಾತಾಡಲು ಬರುವುದಿಲ್ಲ. ನಮ್ಮವು ಮುತ್ತಜ್ಜಂದಿರ ಕಾಲದ ಕಲ್ಲಿನ ಮನೆಗಳು. ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ಒರಗಿದೆ. ಒಂದನ್ನು ಕೆಡವಿದರೆ ಪಕ್ಕದವರ ದೇವರ ಗೂಡು ಬಯಲಿಗೆ ಬರುತ್ತದೆ.

ತಕರಾರು ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಏನು ಕಾರಣ ಬರೆಯಲಿ ಎಂದು ಕೇಳಿದೆ.

"ಮೂರ ಮಜಲಿ ಅಂಗಡಿ ಎದ್ದ್ರ ಬಿಸಲು ಹೋಕೈತಿ ಅಂತ ಬರೀರಿ," ಎಂದಳು ಸುಶೀಲಾ.

ಓಣಿಯ ಹಿರಿಯರಾದ ಬಾಪು ಕಾಕಾ ಒಪ್ಪಲಿಲ್ಲ. "ಬಿಸಲು ಅಂತ ಬರದ್ರ ನಗತಾರ. ಪರಂಪರಾ ಅಂತ ಬರಿಯೋ."

ನಾನು ಎರಡನ್ನೂ ಬರೆದೆ. ಬಿಸಿಲನ್ನು ಮೊದಲು ಬರೆದೆ. ಮನೆಯಲ್ಲಿ ಊಟ ಹಾಕುತ್ತಿದ್ದವಳು ಅವಳು.

ಅರ್ಜಿ ಕೆಲಸ ಮಾಡಿತು. ಸಾಹೇಬರೊಬ್ಬರು ಜಾಗ ನೋಡಲು ಬರುತ್ತಾರೆಂದು ಸುದ್ದಿ ಬಂತು. ಕಾಕಾ ಓಣಿಯವರನ್ನೆಲ್ಲ ಕೂಡಿಸಿದರು. "ಸಾಹೇಬ್ರು ಅಂದ್ರ ಮನಿಗೆ ಬರೂ ಪಾವಣ್ಯಾರು ಇದ್ದಂಗ. ಪಾವಣ್ಯಾರು ಬರೂ ಮುಂದ ಅಂಗಳ ಹಿಂಗ ಇಟ್ಟಗೋತಾರೇನ್ರಿ?"

ಅದು ಎಲ್ಲರಿಗೂ ಸರಿಯೆನಿಸಿತು. ಮಲಗುವ ಹಗ್ಗದ ಹೊರಸುಗಳು ಒಳಗೆ ಹೋದವು. ಒಣಹಾಕಿದ ಮೆಣಸಿನಕಾಯಿ ಮಾಳಿಗೆ ಏರಿತು. ಕೋಳಿಗಳು ಬುಟ್ಟಿಯಡಿ ಸೇರಿದವು. ಕಾಕಾ ತಮ್ಮ ಆರಾಮ ಕುರ್ಚಿಯನ್ನೂ ತ್ಯಾಗ ಮಾಡಿದರು. ಎಲ್ಲರಿಗಿಂತ ಮುಂದೆ ಸುಶೀಲಾ. ಗಳ ಬಿಚ್ಚಿಸಿದಳು, ಓಣಿಯನ್ನು ಈ ತುದಿಯಿಂದ ಆ ತುದಿಗೆ ತೊಳೆಸಿದಳು, ಆಪಾ ಅವರ ಬಾಗಿಲಿಗೂ ಸೇರಿಸಿ ರಂಗೋಲಿ ಹಾಕಿದಳು.

ಸಾಹೇಬರ ಕಾರು ಸೀದಾ ನಮ್ಮ ಬಾಗಿಲಿಗೇ ಬಂದು ನಿಂತಿತು. ಅಲ್ಲಿಯವರೆಗೆ ನಮ್ಮ ಓಣಿಯೊಳಗೆ ಕಾರು ಬಂದದ್ದೇ ಇಲ್ಲ. ಅವರು ಇಳಿದು ಎರಡೂ ಕೈ ಚಾಚಿದರು.

"ಏನ್ ಅಗಲ ಐತ್ರಿ ಓಣಿ! ಅಂಗಡಿಗೆ ಹೇಳಿ ಮಾಡಿಸಿದಂಗೈತಿ."

ಕಾಕಾ ಕುಳಿತುಕೊಳ್ಳಲು ಕುರ್ಚಿ ಹುಡುಕಿದರು. ಅದು ಒಳಗಿತ್ತು. ಕಾರು ಹಿಂದಕ್ಕೆ ಸರಿದು ಹೋದ ಮೇಲೆ ಮೊದಲು ನಕ್ಕವಳು ಸುಶೀಲಾ. "ಕನ್ಯಾ ತೋರಿಸಿದಂಗ ತೋರಿಸಿದ್ವಿ, ಒಪ್ಪಿಗಿ ಆತು ನೋಡ್ರಿ! ಇನ್ನೊಮ್ಮೆ ಯಾರರ ಬರ್ಲಿ, ಇದ್ದಂಗ ಇರೂಣು."

ಮಳೆಗಾಲದಲ್ಲಿ ಅವಳು ಹೋದಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ಇದನ್ನು ಉದ್ದವಾಗಿ ಬರೆಯಲು ನನ್ನಿಂದ ಆಗುವುದಿಲ್ಲ. ಅವಳನ್ನು ಹೊತ್ತು ಹೊರಟಾಗ ಓಣಿ ಅಗಲವಾಗಿತ್ತು. ಅಡ್ಡ ಗಳವಿರಲಿಲ್ಲ. ಯಾರೂ ಬಗ್ಗಲಿಲ್ಲ.

ಆಮೇಲೆ ನಾನು ವಖಾರಿ ಬಿಟ್ಟೆ. ತಕರಾರು ಅರ್ಜಿಗಾಗಿ ಕಚೇರಿಗೆ ಅಲೆಯುವುದನ್ನು ಮಾತ್ರ ಬಿಡಲಿಲ್ಲ. ಅಲ್ಲಿ ಕಾದು ಕುಳಿತಾಗ, ಮನೆಗೆ ಹೋಗಿ ಅವಳಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಓಣಿಯ ಬಾಯಿಗೆ ಬಂದಾಗ ನೆನಪಾಗುತ್ತಿತ್ತು. ಈ ಬೇಸಿಗೆಯಲ್ಲಿ ಮೇಲಿನ ಸಾಹೇಬರು ಇನ್ನೊಮ್ಮೆ ನೋಡಲು ಬರುತ್ತಾರೆಂದು ತಿಳಿಯಿತು. ಓಣಿಯಲ್ಲಿ ಯಾರೂ ಕಸಬರಿಗೆ ಮುಟ್ಟಲಿಲ್ಲ. ಕಾಕಾ ಹಿಂದಿನ ದಿನವೇ ಕುರ್ಚಿ ಹೊರಗೆ ಹಾಕಿ ಕುಳಿತರು. ಬೆಳಗ್ಗೆ ಆಪಾ ಮತ್ತೆ ಗಳ ಕಟ್ಟಿಸಿ, ಮಣೆ ತಂದು ನಮ್ಮ ಕಟ್ಟೆಯ ಮೇಲಿಟ್ಟರು.

"ಬರ್ರಿ ಅಣ್ಣಾರ. ಹಿಡ್ಯಾಕ ಕೈ ಬೇಕು."

ನಾನು ಸುಶೀಲಾ ಕೂರುತ್ತಿದ್ದ ಜಾಗದಲ್ಲಿ ಕುಳಿತೆ. ಎಳೆ ಇಳಿಯಿತು, ನಾನು ಹಿಡಿದೆ, ಅದು ಹರಿಯಿತು. ಮತ್ತೆ ಇಳಿಯಿತು, ಮತ್ತೆ ಹರಿಯಿತು.

"ಸಾವಕಾಶ್ರೀ. ತಂಬಾಕದ ಬೋರಿ ಅಲ್ಲ ಅದು."

"ಸಾವಕಾಶನ ಹಿಡ್ಯಾಕತ್ತೀನ್ರಿ ಆಪಾ."

"ಹ್ಞೂಂ, ಕಾಣಾಕತ್ತೈತಿ."

ಗಳದ ಮೇಲೆ ಗೇಣುದ್ದದ ತುಂಡುಗಳು ಒಂದಷ್ಟು ಬಿದ್ದವು. ನಮ್ಮ ಕಿಟಕಿಯ ಕಡೆಯ ಅರ್ಧ ಗಳ ಖಾಲಿಯೇ ಉಳಿಯಿತು. ಅಷ್ಟರಲ್ಲಿ ಸಾಹೇಬರು ಬಂದರು. ಕಾರು ಓಣಿಯ ಬಾಯಲ್ಲೇ ನಿಂತಿತು. ಮೆಣಸಿನಕಾಯಿ ದಾಟಿ, ಕೋಳಿ ದಾಟಿ, ಕಾಕಾ ಅವರ ಚಾಚಿದ ಕಾಲು ದಾಟಿ ನಡೆದು ಬಂದರು.

"ಬಗ್ಗಿ ಬರ್ರಿ ಸಾಹೇಬ್ರ," ಎಂದರು ಆಪಾ.

ಅವರು ಬಗ್ಗಿದರು, ಆದರೆ ಸಾಕಷ್ಟು ಬಗ್ಗಲಿಲ್ಲ. ಸಪ್ಪಳ ಕೇಳಿಸಿತು. ನನಗೆ ಗೊತ್ತಿಲ್ಲದೆಯೇ ನನ್ನ ಬಾಯಿಂದ ಮಾತು ಹೊರಟಿತು:

"ಗಳಕ್ಕೇನಾರ ಆತೇನ್ರಿ?"

ಹೊಸೆಯುತ್ತಿದ್ದ ಆಪಾ ಅವರ ಕೈ ನಿಂತಿತು. ಅವರು ನನ್ನನ್ನು ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹೊಸೆಯತೊಡಗಿದರು. ಸಾಹೇಬರು ಹಣೆ ತಿಕ್ಕಿಕೊಳ್ಳುತ್ತ ನಗುತ್ತಿದ್ದರು. "ಇಲ್ಲಿ ಅಂಗಡಿ ಮಾಡಿದ್ರ ಗಿರಾಕಿ ತಲಿ ಒಡಕೋತಾನ," ಎಂದು ಜೊತೆಯವರಿಗೆ ಹೇಳಿದರು. ಆಮೇಲೆ ತಲೆ ಎತ್ತಿ ಬಹಳ ಹೊತ್ತು ಬಿಸಿಲನ್ನೂ ಹಳೆಯ ಗೋಡೆಗಳನ್ನೂ ನೋಡಿದರು.

ಓಣಿಯ ಬಾಯಲ್ಲಿರುವ ಎರಡು ಮನೆಗಳು ನೀಲಿಯಾದವು. ಅಲ್ಲಿಂದ ಒಳಗೆಲ್ಲ ಹಳದಿಯೇ ಉಳಿಯಿತು. ಸುದ್ದಿ ಬಂದ ದಿನ ಕಾಕಾ ಪೇಢೆ ಹಂಚಿ, ಪರಂಪರೆ ಗೆದ್ದಿತು ಎಂದರು. ಬಿಸಿಲು ಗೆದ್ದಿತು ಎಂದು ವಾದಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಆಪಾ ಅಂದು ಒಣಗಿದ ತುಂಡುಗಳನ್ನೆಲ್ಲ ಡಬ್ಬಿಗೆ ತುಂಬಿ ತಂದುಕೊಟ್ಟರು. ಹಾಲಿಗೆ ಹಾಕಿದರೆ ತುಂಡೂ ಅಷ್ಟೇ ರುಚಿ ಎಂದು ಸಮಾಧಾನ ಹೇಳಿದರು. ನಿಜ, ರುಚಿ ಅದೇ ಇದೆ.

ಈ ವರ್ಷ ನಮ್ಮ ಮನೆಯಲ್ಲಿ ಉದ್ದನೆಯ ಶಾವಿಗೆ ಇಲ್ಲ.