ಸೋದರತ್ತೆಗೆ ಕೊಟ್ಟ ಜಾಗ

ನೆನೆಸಿದ ಹತ್ತಿಕಾಳಿನ ವಾಸನೆ ಎಲ್ಲಿ ಬಂದರೂ ನನಗೆ ಗುಡಗೇರಿ ಕಡೆಯ ನಮ್ಮ ಹಳೆಯ ಮನೆಯ ದನದ ಕೊಟ್ಟಿಗೆ ನೆನಪಾಗುತ್ತದೆ: ಎಣ್ಣೆಯ ಜಿಡ್ಡು, ತುಸು ಹುಳಿ, ಅದರೊಳಗೆ ಬೆಚ್ಚಗಿನ ಸಗಣಿ. ನನ್ನ ಸೋದರತ್ತೆ ಗಂಗವ್ವ ಸತ್ತದ್ದು ಆ ವಾಸನೆಯಲ್ಲಿ. ಮನೆ ಈಗಿಲ್ಲ. ಅಂಥ ಮನೆಗಳಿಗಾಗಿ ನೀವೂ ಹಂಬಲಿಸುತ್ತೀರೆಂದು ಬಲ್ಲೆ. ನಾನು ಅದರ ಗೋಡೆಗಳಿಗಾಗಿ ಹಂಬಲಿಸುತ್ತೇನೆ, ಅಲ್ಲಿದ್ದ ಗಂಡಸರಿಗಾಗಿ ಅಲ್ಲ.

ಅತ್ತೆ ಚಿಕ್ಕಂದಿನಲ್ಲೇ ವಿಧವೆಯಾಗಿ ತವರಿಗೆ ಬಂದವಳು. ಪಡಸಾಲೆಯ ನಡುಗಂಬಕ್ಕೆ ಬೆನ್ನು ಕೊಟ್ಟು ಮೂವತ್ತು ವರ್ಷ ಆ ಮನೆಯ ಜೋಳ ಹಸನು ಮಾಡಿದಳು. ನಮ್ಮನ್ನೆಲ್ಲ ಅಲ್ಲೇ ತೊಡೆಯ ಮೇಲೆ ಮಲಗಿಸಿಕೊಂಡಳು. ಎಂಬತ್ತರ ದಶಕದ ಆರಂಭ, ನಾನು ಐದನೇ ಇಯತ್ತೆಯಲ್ಲಿದ್ದೆ. ಅವಳ ಹೊಟ್ಟೆಯ ಗಡ್ಡೆ ಕೈಮೀರಿತ್ತು; ಹುಬ್ಬಳ್ಳಿಯ ಡಾಕ್ಟರು ಮನೆಗೆ ಒಯ್ಯಿರಿ ಎಂದಿದ್ದರು. ಅತ್ತೆ ಕೇಳಿದ್ದು ಒಂದೇ: "ನನ್ನ ಹಾಸಿಗಿ ಆ ಕಂಬದ ಬಾಜುಕ ಹಾಕ್ರಿ. ಅಲ್ಲೇ ಹೋಗ್ತೀನಿ."

ಹಾಕಿದರು. ನಾಲ್ಕನೆಯ ದಿನ ಬೆಳಿಗ್ಗೆ ದೊಡ್ಡಪ್ಪ ಪಂಚಾಂಗ ತೆಗೆದ. ಪ್ರತಿ ಸೋಮವಾರ ಮಠದಲ್ಲಿ ಕುಳಿತು, ಶಿವನ ದಿನಗಳಲ್ಲಿ ಕೆಟ್ಟ ದಿನವೇ ಇಲ್ಲವೆಂದು ಊರಿಗೆ ಹೇಳುತ್ತಿದ್ದ ಮನುಷ್ಯ. ಮುಂದಿನ ಐದು ದಿನ ಕೆಟ್ಟ ನಕ್ಷತ್ರಗಳಂತೆ. ಆಗ ಮನೆಯೊಳಗೆ ಜೀವ ಹೋದರೆ ಎಲ್ಲರೂ ಆರು ತಿಂಗಳು ಮನೆ ಬಿಟ್ಟು ಬಾಗಿಲು ಹಾಕಬೇಕು. ಹಿತ್ತಲ ಕೊಟ್ಟಿಗೆಗೆ ಆ ಕಾಟವಿಲ್ಲ.

"ಅಕ್ಕ, ಹಿತ್ತಲದಾಗ ಅಗದಿ ಚಲೋ ಗಾಳಿ ಬರತೈತಿ," ಎಂದ.

"ಮೂವತ್ತ ವರ್ಷ ಇಲ್ಲೇ ಕುಂತೇನಿ. ಇಲ್ಲಿ ಗಾಳಿ ಇಲ್ಲಂತ ಇವತ್ತ ಗೊತ್ತಾತೇನಲೇ?"

ನನ್ನ ಅಪ್ಪ ಗೋಡೆ ನೋಡುತ್ತಿದ್ದ. ಆಮೇಲೆ ಅವನೂ ಕೌದಿಯ ತುದಿ ಹಿಡಿದ. ನೀರಿನ ತಂಬಿಗೆ ಹಿಡಿದು ಹಿಂದೆ ಹೋದವಳು ನಾನು.

ಐದು ದಿನ ಮನೆಯವರೆಲ್ಲ ಕೊಟ್ಟಿಗೆಯ ಬಾಗಿಲಲ್ಲಿ ಇಣುಕಿ, ಉಸಿರಿದೆಯೇ ಎಂದು ನೋಡಿ ಹೋದರು. ಆರನೆಯ ದಿನ ದೊಡ್ಡಪ್ಪ ಒಗೆದ ಧೋತರ ಉಟ್ಟು ನಗುತ್ತ ಬಂದ. "ಏಳ ಅಕ್ಕ, ಒಳಗ ಹೋಗೂಣು."

ಅತ್ತೆ ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ಎತ್ತುಗಳತ್ತ ಕಣ್ಣು ಹೊರಳಿಸಿದಳು. "ಒಲ್ಲೆ. ಇವು ಪಂಚಾಂಗ ನೋಡೂದಿಲ್ಲ."

ಅಂದು ಮಧ್ಯಾಹ್ನ ಅಲ್ಲೇ ಹೋದಳು. ಊರವರು ಬರುವ ಮೊದಲು ಮೈ ತೊಳೆದು, ವಿಭೂತಿ ಹಚ್ಚಿ, ಪಡಸಾಲೆಗೆ ತಂದು ಅದೇ ಕಂಬಕ್ಕೆ ಒರಗಿಸಿ ಕೂಡ್ರಿಸಿದರು.

"ಪುಣ್ಯಾವಂತಿ, ಬೇಕಾದ ಜಾಗಾದಾಗ ಜೀವಾ ಬಿಟ್ಲು," ಎಂದಳು ಬಾಜೂ ಮನೆಯ ಮುದುಕಿ.

"ಹೌದ್ರಿ. ಅಕ್ಕನ ಆಸೆ ಅದೊಂದ ಇತ್ತು, ನಡಿಸಿದ್ವಿ," ಎಂದ ದೊಡ್ಡಪ್ಪ.

ಅತ್ತೆಯ ಕೂದಲಲ್ಲಿ ಒಣಹುಲ್ಲಿನ ಒಂದು ಎಸಳು ಉಳಿದಿತ್ತು. ಯಾರೂ ನೋಡುವ ಮೊದಲು ನಾನದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ. ಆ ಮನೆಯ ಮರ್ಯಾದೆ ಉಳಿಸಿದವಳು ನಾನೇ.